ಮ್ಯೂನಿಕ್‌ಗೆ ಹೊಸದಾಗಿ ಬಂದವರಿಗೆ: ಕಸ, ಬಾಟಲಿ ಮತ್ತು ತಿಂಗಳ ಖರ್ಚು

ಬಂದ ಹೊಸತರಲ್ಲಿ ಎಲ್ಲರೂ ಕೇಳುವುದು ಮನೆ, ವೀಸಾ, ಮಕ್ಕಳ ಸ್ಕೂಲು. ಕಸದ ಬಗ್ಗೆ ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ. ಅದರಿಂದ ಮೊದಲು ದುಡ್ಡು ಹೋಯಿತು, ಆಮೇಲೆ ಮಾನವೂ ಹೋಯಿತು. ಅದೇ ಕ್ರಮದಲ್ಲಿ ಹೇಳುತ್ತೇನೆ.

ದುಡ್ಡು ಹೋದದ್ದು

ಊರಲ್ಲಿ ನೀರಿನ ಬಾಟಲಿ ಖಾಲಿಯಾದರೆ ಹಿಸುಕಿ ಬಿಸಾಡುತ್ತೇವೆ. ಇಲ್ಲದಿದ್ದರೆ ಯಾರೋ ಅದಕ್ಕೇ ನಲ್ಲಿ ನೀರು ತುಂಬಿ ಮತ್ತೆ ಮಾರುತ್ತಾರೆ ಅನ್ನುವ ಭಯ. ಆ ಒಳ್ಳೆ ಬುದ್ಧಿಯನ್ನು ನಾವು ಇಲ್ಲಿಗೂ ತಂದೆವು. ವಾರಕ್ಕೆ ಆರಾರು ಬಾಟಲಿಯ ಎರಡು ಕಟ್ಟು ನೀರು ಹೊತ್ತು ತರುವುದು, ಕುಡಿಯುವುದು, ತುಳಿದು ಚಪ್ಪಟೆ ಮಾಡಿ ಬಿಸಾಡುವುದು. ಬಿಲ್ಲಿನಲ್ಲಿ ‘ಫಾಂಡ್’ ಅಂತ ಒಂದು ಸಾಲು ಇರುತ್ತಿತ್ತು. ಯಾವುದೋ ಟ್ಯಾಕ್ಸ್ ಇರಬೇಕು ಅಂದುಕೊಂಡೆವು. ಏಳು ತಿಂಗಳು!

ಫಾಂಡ್ ಅಂದರೆ ಠೇವಣಿ. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗೆ, ಕ್ಯಾನಿಗೆ 25 ಸೆಂಟ್. ತೊಳೆದು ಮತ್ತೆ ತುಂಬುವ ಬಾಟಲಿಗೆ ಸಾಮಾನ್ಯವಾಗಿ 15, ಬಿಯರ್ ಬಾಟಲಿಗೆ 8. ಹನ್ನೆರಡು ಬಾಟಲಿಗೆ ವಾರಕ್ಕೆ 3 ಯೂರೋ, ಏಳು ತಿಂಗಳಿಗೆ ಸುಮಾರು 90. ಈ ಲೆಕ್ಕ ಹಾಕಿದ ರಾತ್ರಿ ನಮ್ಮ ಮನೆಯವರು ಸರಿಯಾಗಿ ಊಟ ಮಾಡಲಿಲ್ಲ.

ಸೂಪರ್ ಮಾರ್ಕೆಟ್ಟಿನ ಗೋಡೆಯಲ್ಲಿ ದುಂಡಗಿನ ತೂತಿರುವ ಮಷೀನು ಇರುತ್ತದೆ. ಬಾಟಲಿಯ ತಳವನ್ನು ಮುಂದೆ ಮಾಡಿ ಒಳಗಿಡಿ. ಅದು ಬಾಟಲಿಯನ್ನು ಗರಗರ ತಿರುಗಿಸಿ ಲೇಬಲ್ ಓದುತ್ತದೆ. ಹಿಸುಕಿದ್ದರೆ, ಲೇಬಲ್ ಕಿತ್ತಿದ್ದರೆ ವಾಪಸ್ ತಳ್ಳುತ್ತದೆ. ಎಲ್ಲಾ ಹಾಕಿದ ಮೇಲೆ ಬಟನ್ ಒತ್ತಿ, ಬಂದ ಚೀಟಿಯನ್ನು ಕೌಂಟರಿನಲ್ಲಿ ಕೊಡಿ. ಬಿಲ್ಲಿನಲ್ಲಿ ಕಳೆಯುತ್ತಾರೆ. ಚೀಟಿ ಜೇಬಿನಲ್ಲೇ ಇದ್ದು ವಾಷಿಂಗ್ ಮಷೀನಿಗೆ ಹೋಗುವುದು ಇನ್ನೊಂದು ಕಥೆ.

ಪ್ಲಾಸ್ಟಿಕ್ ಬಾಟಲಿಯ ಹಾಲಿಗೂ 2024ರಿಂದ ಫಾಂಡ್ ಇದೆ. ರಟ್ಟಿನ ಪ್ಯಾಕೆಟ್ಟಿನ ಹಾಲಿಗೆ ಇಲ್ಲ. ಗಾಜಿನ ಬಾಟಲಿಯ ಮೊಸರಿಗೂ 15 ಸೆಂಟ್ ಇರುತ್ತದೆ. ಆದರೆ ಆ ಬಾಟಲಿ ವಾಪಸ್ ಕೊಡುವ ಕನ್ನಡದ ಹೆಂಗಸನ್ನು ನಾನಿನ್ನೂ ನೋಡಿಲ್ಲ. ಎಲ್ಲರ ಮನೆಯಲ್ಲೂ ಅದರಲ್ಲಿ ಸಾರಿನ ಪುಡಿ, ಉಪ್ಪಿನಕಾಯಿ. 15 ಸೆಂಟಿಗೆ ಅಂಥ ಬಾಟಲಿ ಎಲ್ಲಿ ಸಿಗುತ್ತದೆ ಹೇಳಿ!

ರಸ್ತೆಯಲ್ಲಿ ಹೋಗುವಾಗ ಬಾಟಲಿ ಖಾಲಿಯಾಯಿತಾ? ವಾಪಸ್ ಕೊಡಲು ಪುರುಸೊತ್ತಿಲ್ಲದಿದ್ದರೆ ಕಸದ ಡಬ್ಬಿಯೊಳಗೆ ಹಾಕಬೇಡಿ, ಪಕ್ಕದಲ್ಲಿಡಿ. ಅದನ್ನು ಆಯ್ದು ನಾಲ್ಕು ಕಾಸು ಮಾಡುವ ಬಡವರು, ವಯಸ್ಸಾದವರು ಇಲ್ಲೂ ಇದ್ದಾರೆ. ಅವರು ಕೊಳಕಿನಲ್ಲಿ ಕೈ ಹಾಕುವುದಾದರೂ ತಪ್ಪುತ್ತದೆ.

ಇನ್ನು ಅಸಲಿ ವಿಷಯ. ಆ ನೀರು ಕೊಂಡು ತರುವುದೇ ಬೇಕಿರಲಿಲ್ಲ. ಈ ಊರಿಗೆ 1883ರಿಂದ ಮಾಂಗ್‌ಫಾಲ್ ಕಣಿವೆಯ ಬುಗ್ಗೆ ನೀರು ಬರುತ್ತಿದೆ. ನಲ್ಲಿ ತಿರುಗಿಸಿ ಹಾಗೇ ಕುಡಿಯಿರಿ. ಕಾಯಿಸಬೇಡಿ, ಫಿಲ್ಟರ್ ಬೇಡ. ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುವುದು ನೋಡಿ ಹೆದರಬೇಡಿ. ಅದು ಸುಣ್ಣದಂಶ, ಕೊಳೆಯಲ್ಲ. ಸ್ವಲ್ಪ ವಿನೆಗರ್, ನೀರು ಹಾಕಿ ಅರ್ಧ ಗಂಟೆ ಬಿಟ್ಟು ತೊಳೆದರೆ ಹೋಗುತ್ತದೆ.

ಮಾನ ಹೋದದ್ದು

ಹಸಿ ಕಸ, ಒಣ ಕಸ ನಮಗೇನು ಹೊಸದಲ್ಲ. ಬೆಂಗಳೂರಿನಿಂದ ಬಂದವರಿಗಂತೂ ಕಸದ ಗಾಡಿಯವರು ಬೈದು ಬೈದೇ ಕಲಿಸಿರುತ್ತಾರೆ. ಹಾಗಾಗಿ ಕಂದು ಬಣ್ಣದ ‘ಬಯೋ’ ಡಬ್ಬಿ ನೋಡಿದ ತಕ್ಷಣ, ಓ ಇದು ಹಸಿ ಕಸ, ಗೊತ್ತು ಬಿಡಿ ಅಂದೆ. ತರಕಾರಿ ಸಿಪ್ಪೆಯನ್ನೆಲ್ಲ ಒಂದು ಕವರಿನಲ್ಲಿ ತುಂಬಿ, ಬಿಗಿಯಾಗಿ ಗಂಟು ಹಾಕಿ, ಅಚ್ಚುಕಟ್ಟಾಗಿ ಹಾಕುತ್ತಿದ್ದೆ.

ಒಂದು ದಿನ ಮೆಟ್ಟಿಲ ಹತ್ತಿರ ನೋಟಿಸು ಅಂಟಿಸಿದ್ದರು. ಬಯೋ ಡಬ್ಬಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿದೆ, ಮಾಮೂಲಿ ಕಸ ಅಂತ ಒಯ್ದಿದ್ದಾರೆ, ಅದರ ಖರ್ಚು ಎಲ್ಲರ ಮೇಲೆ ಬೀಳುತ್ತದೆ ಅಂತ. ಕೆಳಗೆ ಫೋಟೋ. ತೆರೆದ ಕವರು, ಅದರೊಳಗೆ ಬಾಡಿದ ಕರಿಬೇವಿನ ಕಡ್ಡಿ, ಜಗಿದ ನುಗ್ಗೆಕಾಯಿ ಸಿಪ್ಪೆ. ಹದಿನೆಂಟು ಮನೆಯ ಆ ಬಿಲ್ಡಿಂಗಿನಲ್ಲಿ ನುಗ್ಗೆಕಾಯಿ ತಿನ್ನುವವರು ಇನ್ಯಾರು? ಹೆಸರು ಬರೆದಿರಲಿಲ್ಲ ಅಷ್ಟೇ. ಎರಡು ವಾರ ಲಿಫ್ಟಿನಲ್ಲಿ ಯಾರ ಮುಖವನ್ನೂ ನೋಡದೆ ಓಡಾಡಿದೆ.

ಆದ್ದರಿಂದ ದಯವಿಟ್ಟು ಗಮನಿಸಿ. ಹಸಿ ಕಸವನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ ಅಥವಾ ಪೇಪರ್ ಚೀಲದಲ್ಲಿ ಹಾಕಿ. ಪ್ಲಾಸ್ಟಿಕ್ ಕವರು ಬೇಡವೇ ಬೇಡ. ‘ಕರಗುತ್ತದೆ’ ಅಂತ ಬರೆದು ಮಾರುವ ಹಸಿರು ಕವರೂ ಈ ಊರಲ್ಲಿ ಬೇಡ. ಗೊಬ್ಬರ ಮಾಡುವ ಕಡೆ ಅಷ್ಟು ದಿನದಲ್ಲಿ ಅದು ಕರಗುವುದಿಲ್ಲ. ನಮ್ಮವರಲ್ಲಿ ಕೆಲವರಿಗೆ, ರಾತ್ರಿ ಹೋಗಿ ಹಾಕಿದರೆ ಯಾರಿಗೆ ಗೊತ್ತಾಗುತ್ತೆ ಅನ್ನುವ ಅಭ್ಯಾಸವಿದೆ. ಗೊತ್ತಾಗುತ್ತದೆ. ನುಗ್ಗೆಕಾಯಿ ಹೇಳುತ್ತದೆ.

ಇದರಲ್ಲಿ ಲಾಭವೂ ಇದೆ. ಇಲ್ಲಿ ಶುಲ್ಕದ ಲೆಕ್ಕ ನಡೆಯುವುದು ‘ರೆಸ್ಟ್‌ಮ್ಯುಲ್’ ಡಬ್ಬಿಯ ಮೇಲೆ, ಅಂದರೆ ಎಲ್ಲೂ ಸೇರದ ಉಳಿದ ಕಸದ ಮೇಲೆ. ಪೇಪರಿನ ನೀಲಿ ಡಬ್ಬಿಗೂ ಬಯೋ ಡಬ್ಬಿಗೂ ಬೇರೆ ದುಡ್ಡಿಲ್ಲ. ಬಿಲ್ಡಿಂಗಿನವರೆಲ್ಲ ಸರಿಯಾಗಿ ಬೇರೆ ಮಾಡಿದರೆ ಚಿಕ್ಕ ಡಬ್ಬಿ ಸಾಕು, ವರ್ಷದ ಕೊನೆಯ ‘ನೇಬೆನ್‌ಕೊಸ್ಟೆನ್’ (ಬಾಡಿಗೆಯ ಜೊತೆ ಕಟ್ಟುವ ಇತರ ಖರ್ಚು) ಲೆಕ್ಕದಲ್ಲಿ ಅಷ್ಟು ಕಡಿಮೆ.

ಯಾವುದು ಎಲ್ಲಿಗೆ

- ಪ್ಯಾಕಿಂಗ್ ಪ್ಲಾಸ್ಟಿಕ್, ಟಿನ್ನು: ಮನೆ ಹತ್ತಿರ ಹಳದಿ ಡಬ್ಬಿಯಿದ್ದರೆ ಅದಕ್ಕೆ, ಇಲ್ಲದಿದ್ದರೆ ಬೀದಿ ಬದಿಯ ದೊಡ್ಡ ಕಂಟೈನರಿಗೆ.
- ಫಾಂಡ್ ಇಲ್ಲದ ಗಾಜಿನ ಬಾಟಲಿ: ಬಿಳಿ, ಕಂದು, ಹಸಿರು ಬೇರೆ ಬೇರೆ. ನೀಲಿ ಇದ್ದರೆ ಹಸಿರಿಗೆ. ಭಾನುವಾರ ಹಾಕಬೇಡಿ, ಬೇರೆ ದಿನವೂ ಸಂಜೆ ಏಳರ ಮೇಲೆ ಹಾಕಬೇಡಿ, ಸದ್ದಿಗೆ ಬೈಸಿಕೊಳ್ಳುತ್ತೀರಿ.
- ಒಡೆದ ಕುಡಿಯುವ ಗ್ಲಾಸು, ಪಿಂಗಾಣಿ, ಡೈಪರ್, ಅಂಗಡಿಯ ನುಣುಪು ಬಿಲ್ಲು: ರೆಸ್ಟ್‌ಮ್ಯುಲ್.
- ಬ್ಯಾಟರಿ: ಸೂಪರ್ ಮಾರ್ಕೆಟ್ಟಿನ ಡಬ್ಬಕ್ಕೆ.
- ಕರಿದ ಎಣ್ಣೆ: ಸಿಂಕಿಗೆ ಬೇಡ. ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ರೆಸ್ಟ್‌ಮ್ಯುಲ್‌ಗೆ.

ಸಾಮಾನು, ದಿನಸಿ

ಬಂದ ತಿಂಗಳಲ್ಲೇ ಹೊಸ ಮೇಜು, ಕುರ್ಚಿ, ಮಂಚ ಕೊಳ್ಳಬೇಡಿ. ಪಾಲಿಕೆಯ ಕಸದ ವಿಭಾಗವೇ ‘ಹಾಲೆ 2’ ಅನ್ನುವ ಸೆಕೆಂಡ್ ಹ್ಯಾಂಡ್ ಅಂಗಡಿ ನಡೆಸುತ್ತದೆ. ಬೇಸಿಗೆಯಲ್ಲಿ ಬಡಾವಣೆಗಳಲ್ಲಿ ಅಂಗಳದ ಸಂತೆ ನಡೆಯುತ್ತದೆ. ಮಕ್ಕಳ ಸೈಕಲ್ಲು, ಚಳಿಗಾಲದ ಜಾಕೆಟ್ಟು ಅಲ್ಲೇ ನೋಡಿ. ಮಕ್ಕಳು ಒಂದು ವರ್ಷಕ್ಕೆ ಬೆಳೆದುಬಿಡುತ್ತವೆ. ಹಳೆಯದು ಅಂತ ನಾಚಿಕೆ ಪಡಬೇಡಿ. ಅಣ್ಣನ ಅಂಗಿ ತಮ್ಮನಿಗೆ ಹಾಕಿ ಬೆಳೆದವರಲ್ವಾ ನಾವು?

ಪ್ಯಾಕೆಟ್ ಮೇಲೆ ‘ಮಿಂಡೆಸ್ಟೆನ್ಸ್ ಹಾಲ್ಟ್‌ಬಾರ್ ಬಿಸ್’ ಅಂತ ಇದ್ದರೆ, ಆ ತಾರೀಖಿನವರೆಗೆ ಗ್ಯಾರಂಟಿ ಅಂತ ಅರ್ಥ. ಮಾರನೇ ದಿನ ವಿಷವಾಗುವುದಿಲ್ಲ. ಮೊಸರು ಮೂಸಿ ನೋಡಿ, ನಿಮ್ಮ ಮೂಗು ನಂಬಿ. ಹುಳಿಯಾಗಿದ್ದರೆ ಮಜ್ಜಿಗೆ ಹುಳಿ. ‘ತ್ಸು ಫೆರ್‌ಬ್ರೌಖೆನ್ ಬಿಸ್’ ಅಂತ ಇದ್ದರೆ ಮಾತ್ರ ಮೀರಬೇಡಿ. ಅದು ಹೆಚ್ಚಾಗಿ ಹಸಿ ಮಾಂಸ, ಮೀನಿನ ಮೇಲೆ ಇರುತ್ತದೆ.

ಮಿಕ್ಸಿ ಊರಿಂದಲೇ ತನ್ನಿ. ಇಲ್ಲೂ 230 ವೋಲ್ಟೇ, ಪ್ಲಗ್ಗಿಗೆ ಅಡಾಪ್ಟರ್ ಸಾಕು. ಕುಕ್ಕರ್ ಗ್ಯಾಸ್ಕೆಟ್ ಎರಡು, ಸೇಫ್ಟಿ ವಾಲ್ವ್ ಎರಡು ತನ್ನಿ. ಗ್ಯಾಸ್ಕೆಟ್ ಇಲ್ಲ ಅಂತ ಒಳ್ಳೆ ಕುಕ್ಕರನ್ನೇ ಎಸೆದವರು ನಮ್ಮ ಕನ್ನಡ ಸಂಘದಲ್ಲೇ ಮೂರು ಜನ ಇದ್ದಾರೆ.

ಹಬ್ಬದ ಊಟಕ್ಕೆ

ಸಂಘದ ಯುಗಾದಿ, ರಾಜ್ಯೋತ್ಸವದ ಊಟಕ್ಕೆ ಮನೆಯಿಂದಲೇ ಸ್ಟೀಲ್ ತಟ್ಟೆ, ಲೋಟ, ಚಮಚ ತನ್ನಿ. ಇದನ್ನು ಪ್ರತಿ ಸಲ ಹೇಳುತ್ತೇವೆ, ಪ್ರತಿ ಸಲ ಅರ್ಧ ಜನ ಮರೆತು ಬರುತ್ತಾರೆ. ಪೇಪರ್ ತಟ್ಟೆಗೆ ಬಿಸಿ ಸಾರು ಹಾಕಿಸಿಕೊಂಡರೆ ಏನಾಗುತ್ತದೆ ಅಂತ ಹೋದ ಯುಗಾದಿಯಲ್ಲಿ ನಾಲ್ಕು ರೇಷ್ಮೆ ಸೀರೆಗಳಿಗೆ ಗೊತ್ತಾಗಿದೆ. ತಟ್ಟೆಯ ಮೇಲೆ ಹೆಸರು ಕೆತ್ತಿಸಿದ್ದರೆ ಒಳ್ಳೆಯದು. ‘ಎಸ್.ಎಂ.’ ಅಂತ ಕೆತ್ತಿದ ಎರಡು ಲೋಟ ಅವತ್ತಿನಿಂದ ನಮ್ಮ ಮನೆಯಲ್ಲೇ ಇವೆ. ಯಾರದ್ದೋ ಬಂದು ತಗೊಂಡು ಹೋಗಿ.