ಹಂಗೇರಿಯ ಹನ್ನೆರಡು ವರ್ಷಗಳನ್ನು ಮಳೆ ಪುಸ್ತಕದಂತೆ ಬರೆದಿಡುವ ಕ್ರಮ

ಕಾಫಿ ತೋಟಗಳಲ್ಲಿ ರೈಟರು ದಿನವೂ ಬೆಳಿಗ್ಗೆ ರೈನ್‌ಗೇಜಿನ ನೀರನ್ನು ಅಳತೆಯ ಗ್ಲಾಸಿಗೆ ಸುರಿದು, ಇಂಚು ಮತ್ತು ಸೆಂಟುಗಳ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಮಳೆ ಪುಸ್ತಕಕ್ಕೆ ಏರಿಸುತ್ತಾರೆ. ಮೂಡಿಗೆರೆ ಕಡೆಯ ತೋಟವೊಂದರಲ್ಲಿ ನಾನು ನೋಡಿದ ಅಂಥ ಪುಸ್ತಕದ ಜೂನ್ ತಿಂಗಳ ಹಾಳೆಯಲ್ಲಿ ಒಂದು ದಿನ 18 ಸೆಂಟು, ಮರುದಿನ 40 ಸೆಂಟು, ಅದರ ಮರುದಿನ ಬರೀ ಒಂದು ಅಡ್ಡಗೆರೆ ಇತ್ತು. ಯಾವ ದಿನದ ಅಂಕಿಯೂ ಕಣ್ಣಿಗೆ ಹೊಡೆಯುವಂಥದ್ದಲ್ಲ. ಆದರೆ ಹಾಳೆಯ ಕೆಳಗಿನ ಮೊತ್ತವನ್ನು ಹಿಂದಿನ ವರ್ಷದ ಮೊತ್ತದ ಪಕ್ಕಕ್ಕಿಟ್ಟಾಗ ಆ ಮಳೆಗಾಲ ಎಂಥದ್ದೆಂಬುದು ತಿಳಿಯುತ್ತದೆ. ಪ್ರಜಾಪ್ರಭುತ್ವವೊಂದು ಕಾನೂನಿನ ದಾರಿಯಲ್ಲೇ ನಡೆದು ಏಕಪಕ್ಷದ ಹಿಡಿತಕ್ಕೆ ಜಾರುವುದನ್ನು ಅರಿಯುವುದಕ್ಕೂ ಇಂಥದೇ ಪುಸ್ತಕ ಬೇಕು. ಚಿಕ್ಕಮಗಳೂರಿನ ನಮ್ಮ ಭಾನುವಾರದ ಓದಿನ ಗುಂಪಿನಲ್ಲಿ ಹಂಗೇರಿಯ 2010ರಿಂದ 2022ರವರೆಗಿನ ವರ್ಷಗಳನ್ನು ಹೀಗೆ ಬರೆದಿಟ್ಟು ಓದಿದೆವು. ಕಾಲೇಜು ವಿದ್ಯಾರ್ಥಿಗಳಾಗಲಿ, ಊರಿನ ಗ್ರಂಥಾಲಯದಲ್ಲಿ ಸೇರುವ ಓದುಗರಾಗಲಿ ಇದನ್ನು ಮಾಡಬಹುದು ಎಂಬ ನಂಬಿಕೆಯಿಂದ ಆ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಕೆಲಸಕ್ಕೆ ಕೂರುವ ಮೊದಲು ನಮ್ಮ ಮನಸ್ಸಿನಲ್ಲಿರುವ ಒಂದು ಚಿತ್ರವನ್ನು ಬದಿಗಿಡಬೇಕು. ಸರ್ವಾಧಿಕಾರ ಎಂದೊಡನೆ ನಮಗೆ ನೆನಪಾಗುವುದು 1975ರ ಜೂನ್ 25ರ ರಾತ್ರಿ: ತುರ್ತು ಪರಿಸ್ಥಿತಿಯ ಘೋಷಣೆ, ಬೆಳಗಾಗುವುದರೊಳಗೆ ನಾಯಕರ ಬಂಧನ, ಪತ್ರಿಕೆಗಳ ಮೇಲೆ ಸೆನ್ಸಾರ್. ಸೋತ ಇಂದಿರಾ ಗಾಂಧಿಯವರು 1978ರ ನವೆಂಬರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರ ವಿರುದ್ಧ ಗೆದ್ದು ಲೋಕಸಭೆಗೆ ಮರಳಿದ್ದು ನಮ್ಮ ಚಿಕ್ಕಮಗಳೂರಿನಿಂದಲೇ ಆದ್ದರಿಂದ, ಇಲ್ಲಿನ ಹಿರಿಯರಿಗೆ ಆ ಕಾಲದ ಮಾತು ಮನೆಯ ಮಾತಿನಷ್ಟೇ ಹತ್ತಿರ. ಹೀಗಾಗಿ ಪ್ರಜಾಪ್ರಭುತ್ವ ಕೆಡುವುದಕ್ಕೆ ಒಂದು ದಿನಾಂಕ ಇದ್ದೇ ಇರುತ್ತದೆ ಎಂದು ನಾವು ಎಣಿಸುತ್ತೇವೆ. ಹಂಗೇರಿಯಲ್ಲಿ ಅಂಥ ರಾತ್ರಿ ಬರಲಿಲ್ಲ. ವಿರೋಧ ಪಕ್ಷದವರನ್ನು ಸಾಲಾಗಿ ಜೈಲಿಗೆ ಹಾಕಲಿಲ್ಲ, ಚುನಾವಣೆಗಳನ್ನು ಮುಂದೂಡಲಿಲ್ಲ, ಮುಖ್ಯ ಬದಲಾವಣೆಗಳಲ್ಲಿ ಹೆಚ್ಚಿನವು ಸಂಸತ್ತಿನಲ್ಲಿ ಮತಕ್ಕೆ ಬಂದು ಕಾನೂನಾಗಿಯೇ ಹೊರಬಂದವು. ದಿನಾಂಕಗಳನ್ನು ನಾವೇ ಹುಡುಕಿ ಬರೆಯಬೇಕಾಗಿರುವುದು ಈ ಕಾರಣಕ್ಕೆ.

ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು ಐದು ಕಾಲಂ ಎಳೆಯಿರಿ. ಮೊದಲನೆಯದು ದಿನಾಂಕ, ಎರಡನೆಯದು ಏನು ಬದಲಾಯಿತು, ಮೂರನೆಯದು ಯಾವ ಅಧಿಕಾರದಿಂದ ಬದಲಾಯಿತು, ನಾಲ್ಕನೆಯದು ಆ ವಿಷಯವನ್ನು ಮೊದಲು ಯಾರು ತೀರ್ಮಾನಿಸುತ್ತಿದ್ದರು ಮತ್ತು ಈಗ ಯಾರು ತೀರ್ಮಾನಿಸುತ್ತಾರೆ, ಐದನೆಯದು ಯಾರು ತಡೆದರು ಮತ್ತು ಆ ತಡೆ ನಿಂತಿತೇ. ನಾಲ್ಕನೆಯ ಕಾಲಂಗೆ ಹೆಚ್ಚು ಅಗಲ ಬಿಡಿ, ಏಕೆಂದರೆ ಪುಸ್ತಕದ ಜೀವ ಅಲ್ಲಿದೆ.

2010ರಿಂದಲೇ ಆರಂಭಿಸಬೇಡಿ, ಹಿಂದಿನ ಎರಡು ದಶಕಗಳಿಗೆ ಎರಡು ಹಾಳೆ ಮೀಸಲಿಡಿ. 1956ರ ಕ್ರಾಂತಿಯ ನಂತರ ಗಲ್ಲಿಗೇರಿದ ಪ್ರಧಾನಿ ಇಮ್ರೆ ನಾಗಿಯವರ ಮರುಸಂಸ್ಕಾರ 1989ರ ಜೂನ್ 16ರಂದು ಬುಡಾಪೆಸ್ಟಿನ ವೀರರ ಚೌಕದಲ್ಲಿ ನಡೆದಾಗ, ಸೋವಿಯತ್ ಪಡೆಗಳು ದೇಶ ಬಿಟ್ಟು ಹೋಗಬೇಕೆಂದು ಜನಸ್ತೋಮದ ಮುಂದೆ ಹೇಳಿದ 26 ವರ್ಷದ ತರುಣ ವಿಕ್ಟರ್ ಒರ್ಬಾನ್. ಮುಂದೆ ಇದೇ ದೇಶವನ್ನು ಒಂದೇ ಪಕ್ಷದ ಕೈಗೆ ತಂದವರೂ ಅವರೇ. ಈ ಒಂದು ಸಾಲನ್ನು ಬರೆಯುವಾಗ ನಮ್ಮ ಗುಂಪಿನಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು. 1990ರಲ್ಲಿ ಮುಕ್ತ ಚುನಾವಣೆ, 1998ರಿಂದ 2002ರವರೆಗೆ ಒರ್ಬಾನರ ಮೊದಲ ಪ್ರಧಾನಿ ಅವಧಿ, 2004ರಲ್ಲಿ ಯುರೋಪಿಯನ್ ಒಕ್ಕೂಟದ ಸದಸ್ಯತ್ವ. 2006ರಲ್ಲಿ ಸಮಾಜವಾದಿ ಪ್ರಧಾನಿ ಫೆರೆಂಕ್ ಜುರ್ಚಾನ್ ತಮ್ಮ ಪಕ್ಷದವರ ಮುಂದೆ, ಆರ್ಥಿಕತೆಯ ಬಗ್ಗೆ ಜನರಿಗೆ ಸುಳ್ಳು ಹೇಳಿದ್ದಾಗಿ ಒಪ್ಪಿಕೊಂಡ ಧ್ವನಿಮುದ್ರಣ ಬಯಲಾಯಿತು. 2008ರ ಹಣಕಾಸು ಕುಸಿತದಲ್ಲಿ, ಸ್ವಿಸ್ ಫ್ರಾಂಕಿನಲ್ಲಿ ಮನೆ ಸಾಲ ಮಾಡಿದ್ದ ಸಾಮಾನ್ಯ ಕುಟುಂಬಗಳ ಕಂತು ಕೈಮೀರಿ ಏರಿತು. ಈ ಸಿಟ್ಟು ಮತ್ತು ಸಂಕಟಗಳನ್ನು ಬರೆಯದೆ ಮುಂದಕ್ಕೆ ಹೋದರೆ, ಹಂಗೇರಿಯ ಮತದಾರರು ಮೋಸಹೋದ ಮುಗ್ಧರಂತೆ ಕಾಣುತ್ತಾರೆ; ಅದು ಅವರಿಗೆ ಮಾಡುವ ಅನ್ಯಾಯ.

ಈಗ 2010ರ ಏಪ್ರಿಲ್. ಒರ್ಬಾನರ ಫಿದೆಸ್ ಮತ್ತು ಅದರ ಮಿತ್ರಪಕ್ಷಕ್ಕೆ ಪಟ್ಟಿ ಮತಗಳಲ್ಲಿ (ಕ್ಷೇತ್ರದ ಅಭ್ಯರ್ಥಿಗಲ್ಲದೆ ಪಕ್ಷದ ಪಟ್ಟಿಗೆ ಹಾಕುವ ಮತಗಳು) ಶೇಕಡಾ 52.7 ಬಂತು, ಆದರೆ ಸ್ಥಾನಗಳು 386ರಲ್ಲಿ 263, ಅಂದರೆ ಮೂರನೇ ಎರಡಕ್ಕಿಂತ ಹೆಚ್ಚು. ಇಲ್ಲಿ ಭಾರತದ ಜೊತೆ ಹೋಲಿಸಿ ನೋಡುವುದು ಬಹಳ ಉಪಯುಕ್ತ. ನಮ್ಮಲ್ಲಿ ಸಂವಿಧಾನ ತಿದ್ದುಪಡಿಗೆ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು, ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ಹಂಗೇರಿಯಲ್ಲಿ ಇರುವುದು ಒಂದೇ ಸದನ. ಅಲ್ಲಿನ ಮೂರನೇ ಎರಡು ಸದಸ್ಯರು ಸೇರಿದರೆ ಸಂವಿಧಾನವನ್ನೇ ಬದಲಿಸಬಹುದು. ಸ್ಥಿರ ಸರ್ಕಾರಗಳು ಬರಲಿ ಎಂಬ ಸದುದ್ದೇಶದಿಂದ 1989ರಲ್ಲಿ ದೊಡ್ಡ ಪಕ್ಷಕ್ಕೆ ಅನುಕೂಲವಾಗುವಂತೆ ರೂಪಿಸಿದ್ದ ಚುನಾವಣಾ ಪದ್ಧತಿಯೇ ಮನೆಯ ಎಲ್ಲ ಬೀಗಗಳ ಕೈಗಳನ್ನು ಒಂದೇ ಗೊಂಚಲಾಗಿ ಒಬ್ಬರ ಕೈಗೆ ಕೊಟ್ಟಿತು. ಹೊಸ ಸಂವಿಧಾನಕ್ಕೆ 2011ರ ಏಪ್ರಿಲ್ 18ರಂದು ಒಪ್ಪಿಗೆ ಸಿಕ್ಕಿ, 2012ರ ಜನವರಿ 1ರಂದು ಅದು ಜಾರಿಗೆ ಬಂತು. ಅದರ ಜೊತೆಗೆ ಹಲವು ಮುಖ್ಯ ಕಾನೂನುಗಳನ್ನು ಮೂರನೇ ಎರಡು ಮತವಿಲ್ಲದೆ ಮುಂದಿನವರು ಬದಲಿಸಲಾಗದಂತೆ ಬರೆಯಲಾಯಿತು. ಮೂರನೆಯ ಕಾಲಂನಲ್ಲಿ ಈ ಮಾತನ್ನು ಕೆಂಪು ಶಾಯಿಯಲ್ಲಿ ಬರೆಯಿರಿ.

ಚುನಾವಣಾ ಕಾನೂನಿಗೆ ಒಂದು ಇಡೀ ಭಾನುವಾರ ಬೇಕಾಗುತ್ತದೆ, ಅವಸರ ಮಾಡಬೇಡಿ. 2011ರ ಕಾನೂನು ಸ್ಥಾನಗಳನ್ನು 386ರಿಂದ 199ಕ್ಕೆ ಇಳಿಸಿತು; ಅವುಗಳಲ್ಲಿ 106 ಕ್ಷೇತ್ರಗಳು, ಉಳಿದವು ಪಟ್ಟಿಯವು. ಎರಡು ಸುತ್ತಿನ ಮತದಾನ ಹೋಗಿ ಒಂದೇ ಸುತ್ತಾಯಿತು, ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಎಳೆಯಲಾಯಿತು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮತಗಳ ಪರಿಹಾರ ಲೆಕ್ಕ. ಅದನ್ನು ಕರಿಹಲಗೆಯ ಮೇಲೆ ಮಾಡಿಯೇ ತೋರಿಸಬೇಕು. ಒಂದು ಕ್ಷೇತ್ರದಲ್ಲಿ ಮೊದಲನೆಯವರಿಗೆ 20,000, ಎರಡನೆಯವರಿಗೆ 15,000, ಮೂರನೆಯವರಿಗೆ 8,000 ಮತ ಬಂದಿವೆ ಎಂದುಕೊಳ್ಳಿ. ಸೋತವರ 15,000 ಮತ್ತು 8,000 ಮತಗಳು ವ್ಯರ್ಥವಾಗದೆ ಅವರವರ ಪಕ್ಷದ ಪಟ್ಟಿಗೆ ಸೇರುವುದು ನ್ಯಾಯವೇ. ಹೊಸ ಕಾನೂನಿನಲ್ಲಿ ಗೆದ್ದವರ ಹೆಚ್ಚುವರಿ ಮತಗಳೂ ಸೇರುತ್ತವೆ: ಗೆಲ್ಲಲು 15,001 ಸಾಕಾಗಿತ್ತು, ಉಳಿದ 4,999 ಮತಗಳು ಗೆದ್ದ ಪಕ್ಷದ ಪಟ್ಟಿಗೆ ಹೋಗುತ್ತವೆ. ಗೆದ್ದವರಿಗೆ ಸ್ಥಾನವೂ ಸಿಕ್ಕಿತು, ಅದರ ಮೇಲೆ ಪರಿಹಾರವೂ ಸಿಕ್ಕಿತು. ನಮ್ಮ ಗುಂಪಿನ ನಿವೃತ್ತ ಗಣಿತ ಮೇಷ್ಟ್ರು ಈ ಲೆಕ್ಕವನ್ನು ಮೂರು ಸಲ ಒರೆಸಿ ಬರೆದ ಮೇಲೆ, ವಿರೋಧ ಪಕ್ಷಗಳು ಒಡೆದಷ್ಟೂ ಇದರ ಲಾಭ ಹೆಚ್ಚುವುದು ಎಲ್ಲರಿಗೂ ಸ್ಪಷ್ಟವಾಯಿತು. 2014ರಲ್ಲಿ ಫಿದೆಸ್‌ನ ಪಟ್ಟಿ ಮತ ಶೇಕಡಾ 44.9ಕ್ಕೆ ಇಳಿದರೂ 199ರಲ್ಲಿ 133 ಸ್ಥಾನಗಳು ಅದಕ್ಕೇ ಬಂದವು. ಒಂದು ಮತಪೆಟ್ಟಿಗೆಯನ್ನೂ ಕದಿಯದೆ ಮೂರನೇ ಎರಡು ಉಳಿಯಿತು.

ನ್ಯಾಯಾಲಯಗಳ ಹಾಳೆಯಲ್ಲಿ ನಾಲ್ಕನೆಯ ಕಾಲಂ ತಾನಾಗಿಯೇ ತುಂಬುತ್ತದೆ. ಕಾನೂನುಗಳು ಸಂವಿಧಾನಕ್ಕೆ ಒಪ್ಪುತ್ತವೆಯೇ ಎಂದು ನೋಡುವ ಸಂವಿಧಾನ ನ್ಯಾಯಾಲಯದ ನ್ಯಾಯಾಧೀಶರ ಸಂಖ್ಯೆ 11ರಿಂದ 15ಕ್ಕೆ ಏರಿತು. ಅವರ ಹೆಸರು ಸೂಚಿಸುವಲ್ಲಿ ವಿರೋಧ ಪಕ್ಷಗಳಿಗಿದ್ದ ಮಾತು ಹೋಯಿತು. ಸಾಮಾನ್ಯ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ ಒಮ್ಮೆಗೇ 62ಕ್ಕೆ ಇಳಿಸಿದ್ದರಿಂದ ಸುಮಾರು 270 ಮಂದಿ ಹಿರಿಯರು ಹೊರಗಾಗುವಂತಾಯಿತು. ನ್ಯಾಯಾಧೀಶರ ನೇಮಕದಲ್ಲಿ ದೊಡ್ಡ ಅಧಿಕಾರ ಪಡೆದ ಹೊಸ ಕಚೇರಿಗೆ ಮುಖ್ಯಸ್ಥರಾಗಿ ಬಂದ ತುಂದೆ ಹಾಂದೊ, ಹೊಸ ಸಂವಿಧಾನದ ಕರಡು ರಚನೆಯಲ್ಲಿ ಮುಂದಿದ್ದ, ಯುರೋಪಿಯನ್ ಸಂಸತ್ತಿನ ಫಿದೆಸ್ ಸದಸ್ಯರ ಪತ್ನಿ. ಐದನೆಯ ಕಾಲಂ ಇಲ್ಲಿ ಬಹಳ ಕಲಿಸುತ್ತದೆ: 2012ರ ನವೆಂಬರ್ 6ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ನಿವೃತ್ತಿಯ ಕಾನೂನನ್ನು ತಪ್ಪೆಂದು ತೀರ್ಪು ಕೊಟ್ಟಿತು, ಆದರೆ ಆ ವೇಳೆಗೆ ತೆರವಾದ ಹುದ್ದೆಗಳಲ್ಲಿ ಅನೇಕವು ಭರ್ತಿಯಾಗಿದ್ದವು. ‘ತಡೆದರು’ ಎಂದು ಬರೆದರೆ ಸಾಲದು, ‘ತಡೆಯುವ ಹೊತ್ತಿಗೆ ಏನು ಉಳಿದಿತ್ತು’ ಎಂಬುದನ್ನೂ ಬರೆಯಬೇಕು.

ಮಾಧ್ಯಮದ ವಿಷಯದಲ್ಲಿ ಯಾವ ಪತ್ರಿಕೆ ಏನು ಬರೆಯಿತು ಎಂಬುದರ ಹಿಂದೆ ಹೋಗಬೇಡಿ, ಮಾಲೀಕರು ಯಾರು ಎಂಬುದನ್ನು ಮಾತ್ರ ದಾಖಲಿಸಿ. ದೊಡ್ಡ ವಿರೋಧಿ ದಿನಪತ್ರಿಕೆ ನೇಪ್‌ಸಬಾದ್‌ಶಾಗ್ 2016ರ ಅಕ್ಟೋಬರ್ 8ರಂದು ಇದ್ದಕ್ಕಿದ್ದಂತೆ ನಿಂತಿತು; ಕೆಲವೇ ವಾರಗಳಲ್ಲಿ ಅದರ ಮಾಲೀಕ ಕಂಪನಿ ಸರ್ಕಾರಕ್ಕೆ ಹತ್ತಿರದವರ ಕೈಸೇರಿತು. 2018ರ ನವೆಂಬರ್ 28ರಂದು 400ಕ್ಕೂ ಹೆಚ್ಚು ಪತ್ರಿಕೆ, ವೆಬ್‌ಸೈಟ್, ರೇಡಿಯೊ, ಟಿವಿಗಳನ್ನು ಅವುಗಳ ಮಾಲೀಕರು ಒಂದೇ ಪ್ರತಿಷ್ಠಾನಕ್ಕೆ ಉಚಿತವಾಗಿ ಬರೆದುಕೊಟ್ಟರು; ಅದು ರಾಷ್ಟ್ರೀಯ ಮಹತ್ವದ ವಿಷಯವೆಂದು ಸರ್ಕಾರ ಘೋಷಿಸಿದ್ದರಿಂದ ಏಕಸ್ವಾಮ್ಯವನ್ನು ತಡೆಯಬೇಕಾದ ಸ್ಪರ್ಧಾ ಪ್ರಾಧಿಕಾರದ ವಿಚಾರಣೆಗೂ ಅದು ಬರಲಿಲ್ಲ. ಸರ್ಕಾರಿ ಜಾಹೀರಾತು ಯಾರಿಗೆ ಹೋಗುತ್ತಿತ್ತು ಎಂಬುದನ್ನೂ ಅದೇ ಹಾಳೆಗೆ ಸೇರಿಸಿ. ಸಣ್ಣ ಊರಿನ ಪತ್ರಿಕೆ ಜಾಹೀರಾತಿಲ್ಲದೆ ಎಷ್ಟು ದಿನ ನಡೆದೀತು ಎಂಬುದು ಹಾಸನ, ಚಿಕ್ಕಮಗಳೂರಿನ ಓದುಗರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ನಾವು ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಲೇಬೇಕು. ಮೊದಲ ಸಲ ನಾವು ಆರಂಭಿಸಿದ್ದು 2014ರ ಜುಲೈ 26ರ ಭಾಷಣದಿಂದ. ಉದಾರವಾದವನ್ನು ಬಿಟ್ಟ ರಾಷ್ಟ್ರೀಯ ರಾಜ್ಯವನ್ನು ಕಟ್ಟುತ್ತಿದ್ದೇವೆ ಎಂದು ಒರ್ಬಾನರು ಅಂದು ಬಹಿರಂಗವಾಗಿ ಹೇಳಿದ್ದರು. ಮಾತಿನಿಂದ ಆರಂಭಿಸಿದ್ದರಿಂದ ಚರ್ಚೆಯೂ ಮಾತಿನಲ್ಲೇ ಉಳಿದು, ಅರ್ಧ ಗಂಟೆಯೊಳಗೆ ಅವರು ಒಳ್ಳೆಯವರೋ ಕೆಟ್ಟವರೋ ಎಂಬ ಜಗಳಕ್ಕಿಳಿಯಿತು. ಭಾಷಣದ ಹೊತ್ತಿಗೆ ಸಂವಿಧಾನ, ಚುನಾವಣಾ ಕಾನೂನು, ನ್ಯಾಯಾಲಯ ಎಲ್ಲವೂ ಆಗಲೇ ಬದಲಾಗಿದ್ದವು. ಭಾಷಣಗಳನ್ನು ಪುಸ್ತಕದ ಕೊನೆಯ ಹಾಳೆಗಳಿಗೆ ಕಳುಹಿಸಿ.

ಉಳಿದ ನಮೂದುಗಳು ಬೇಗ ಮುಗಿಯುತ್ತವೆ. 2017ರ ಏಪ್ರಿಲ್‌ನ ಉನ್ನತ ಶಿಕ್ಷಣ ಕಾನೂನಿನ ಪರಿಣಾಮವಾಗಿ ಸೆಂಟ್ರಲ್ ಯುರೋಪಿಯನ್ ವಿಶ್ವವಿದ್ಯಾಲಯ ತನ್ನ ಬೋಧನೆಯನ್ನು ಬುಡಾಪೆಸ್ಟಿನಿಂದ ವಿಯೆನ್ನಾಕ್ಕೆ ಸಾಗಿಸಿತು. 2020ರ ಮಾರ್ಚ್ 30ರಂದು ಕೊರೊನಾ ಕಾರಣದಿಂದ ಕಾಲಮಿತಿಯಿಲ್ಲದೆ ಸುಗ್ರೀವಾಜ್ಞೆಗಳ ಮೂಲಕ ಆಳುವ ಕಾನೂನು 53ರ ವಿರುದ್ಧ 137 ಮತಗಳಿಂದ ಬಂತು. 2022ರ ಸೆಪ್ಟೆಂಬರಿನಲ್ಲಿ ಯುರೋಪಿಯನ್ ಸಂಸತ್ತು ಹಂಗೇರಿಯನ್ನು ಪೂರ್ಣ ಪ್ರಜಾಪ್ರಭುತ್ವವೆಂದು ಪರಿಗಣಿಸಲಾಗದು, ಅದು ಚುನಾವಣೆ ನಡೆಸುವ ಏಕಾಧಿಪತ್ಯ ಎಂಬ ನಿರ್ಣಯ ತೆಗೆದುಕೊಂಡಿತು; ಡಿಸೆಂಬರಿನಲ್ಲಿ ಒಕ್ಕೂಟ 6.3 ಬಿಲಿಯನ್ ಯೂರೊ ಅನುದಾನ ತಡೆಹಿಡಿಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಫಿದೆಸ್ ಶೇಕಡಾ 54 ಮತ ಪಡೆದಿತ್ತೆಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ವಿದ್ಯುತ್ ಮತ್ತು ಗ್ಯಾಸ್ ದರಕ್ಕೆ ಹಾಕಿದ ಕಡಿವಾಣ, ಮಕ್ಕಳಿರುವ ಕುಟುಂಬಗಳಿಗೆ ಕೊಟ್ಟ ನೆರವು ಜನರಿಗೆ ನಿಜವಾಗಿಯೂ ತಲುಪಿದ್ದವು.

ಕೊನೆಗೆ ಎದುರಿನ ಹಾಳೆಯಲ್ಲಿ ಪೋಲೆಂಡನ್ನು ಅದೇ ಐದು ಕಾಲಂಗಳಲ್ಲಿ ಬರೆಯಿರಿ. ಅಲ್ಲಿಯೂ 2015ರಲ್ಲಿ ಅಧಿಕಾರಕ್ಕೆ ಬಂದ ಕಾನೂನು ಮತ್ತು ನ್ಯಾಯ ಪಕ್ಷ ಸಂವಿಧಾನ ನ್ಯಾಯಾಲಯ, ಸಾರ್ವಜನಿಕ ಟಿವಿಗಳನ್ನು ವಶಕ್ಕೆ ತೆಗೆದುಕೊಂಡಿತು. ಆದರೆ ಕೆಳಮನೆಯ 460ರಲ್ಲಿ 235 ಸ್ಥಾನವಷ್ಟೇ ಅದಕ್ಕಿದ್ದುದರಿಂದ ಸಂವಿಧಾನವನ್ನು ಮುಟ್ಟಲಾಗಲಿಲ್ಲ, ಚುನಾವಣಾ ಪದ್ಧತಿ ಬಹುಮಟ್ಟಿಗೆ ಹಾಗೆಯೇ ಉಳಿಯಿತು. 2023ರ ಅಕ್ಟೋಬರ್ 15ರಂದು ಶೇಕಡಾ 74ರಷ್ಟು ಮತದಾರರು ಮತ ಹಾಕಿ ಅದರ ಬಹುಮತವನ್ನು ಕಳೆದರು. ಎರಡು ಹಾಳೆಗಳ ಮೂರನೆಯ ಕಾಲಂಗಳನ್ನು ಬೆರಳಿಟ್ಟು ಸಾಲಿಗೆ ಸಾಲು ಹೋಲಿಸುತ್ತ ಬನ್ನಿ. ನಮಗೆ ಈ ಕೆಲಸಕ್ಕೆ ಎರಡು ಭಾನುವಾರ ಹಿಡಿಯಿತು.