ಪಫ್ಸ್ ಕೊಳ್ಳುವ ಮೊದಲು ಬ್ಯಾಗು ತಡಕಿ

ಬೆಂಗಳೂರಿನಲ್ಲಿ ಮಧ್ಯಾಹ್ನ ಒಂದಕ್ಕೆ ಉಂಡವರು ಟ್ರಾಫಿಕ್ ದಾಟಿ ಮನೆಯ ತಟ್ಟೆಯ ಮುಂದೆ ಕೂರುವ ಹೊತ್ತಿಗೆ ರಾತ್ರಿ ಒಂಬತ್ತಾಗಿರುತ್ತದೆ. ನಡುವಿನ ಎಂಟು ಗಂಟೆಯಲ್ಲಿ ಹಸಿವಾಗಲೇಬೇಕು. ಹೊಟ್ಟೆ ಚುರುಗುಟ್ಟುತ್ತಿರುವಾಗ ಬೇಕರಿಯ ಗಾಜಿನ ಮುಂದೆ ನಿಂತು ಒಳ್ಳೆಯದನ್ನು ಆರಿಸಿಕೊಳ್ಳುತ್ತೇನೆ ಎನ್ನುವುದು ಆಗದ ಮಾತು. ಆ ಆಯ್ಕೆ ಹಿಂದಿನ ರಾತ್ರಿ ಅಡುಗೆಮನೆಯಲ್ಲೇ ಮುಗಿದಿರಬೇಕು.

ಹಸಿವಿನ ಹೊತ್ತು ಗುರುತಿಸಿ

ಮೂರು ದಿನ ಒಂದು ಚೀಟಿಯಲ್ಲಿ ಎಷ್ಟು ಗಂಟೆಗೆ ಹಸಿವಾಯಿತು, ಆಗ ಎಲ್ಲಿದ್ದಿರಿ ಎಂದು ಬರೆದಿಡಿ. ಬಹುತೇಕರಿಗೆ ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಸಿವಾಗುತ್ತದೆ. ಐದೂವರೆಗೆ ಹಸಿಯುವವರು ಐದಕ್ಕೇ ತಿನ್ನಬೇಕು. ಹಸಿವು ನೆತ್ತಿಗೇರಿದ ಮೇಲೆ ಡಬ್ಬಿ ತೆಗೆದರೆ ಡಬ್ಬಿಯೂ ಖಾಲಿ, ಆಮೇಲೆ ಬೋಂಡಾ ಕೂಡ.

ಡಬ್ಬಿಗೆ ಏನು ಹಾಕಬೇಕೆಂಬುದಕ್ಕೆ ಅಳತೆಗೋಲು ಒಂದೇ. ಕಾಳು, ಬೇಳೆ, ಕಡಲೇಕಾಯಿ, ಮೊಸರು, ಮೊಟ್ಟೆ, ಇವುಗಳಲ್ಲಿ ಒಂದಾದರೂ ಇರಬೇಕು. ಮೈದಾ ಮತ್ತು ಸಕ್ಕರೆ ಬೇಗ ಕರಗುವುದರಿಂದ ಬನ್ನು ತಿಂದ ಒಂದೆರಡು ಗಂಟೆಯಲ್ಲಿ ಮತ್ತೆ ಬಾಯಾಡಿಸುವ ಆಸೆ ಬರುತ್ತದೆ. ಪ್ರೋಟೀನು, ನಾರು ಇರುವ ತಿಂಡಿ ನಿಧಾನವಾಗಿ ಜೀರ್ಣವಾಗಿ ರಾತ್ರಿಯ ಊಟದವರೆಗೆ ತಡೆಯುತ್ತದೆ.

ಭಾನುವಾರದ ಹುರಿದ ಡಬ್ಬಿ

ಕೆಡದ ತಿಂಡಿಯೊಂದು ಸದಾ ಬ್ಯಾಗಿನಲ್ಲಿರಲಿ. 200 ಗ್ರಾಂ ಕಡಲೇಕಾಯಿ ಬೀಜ, 200 ಗ್ರಾಂ ಹುರಿಗಡಲೆ, ಎರಡು ಹಿಡಿ ಕರಿಬೇವು, 2 ಚಮಚ ಎಣ್ಣೆ, ಮುಕ್ಕಾಲು ಚಮಚ ಉಪ್ಪು, ಚಿಟಿಕೆ ಅರಿಶಿನ, ಖಾರಕ್ಕೆ ತಕ್ಕಷ್ಟು ಮೆಣಸಿನ ಪುಡಿ ತೆಗೆದುಕೊಳ್ಳಿ. ಇಷ್ಟರಲ್ಲಿ ಒಬ್ಬರಿಗೆ ಹದಿಮೂರು ದಿನದ ತಿಂಡಿಯಾಗುತ್ತದೆ.

ದಪ್ಪ ತಳದ ಬಾಣಲೆಯಲ್ಲಿ ಬೀಜವನ್ನು ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ, ಸಿಪ್ಪೆ ಬಿರಿಯುವವರೆಗೆ ಕೈಯಾಡಿಸುತ್ತ ಹುರಿದು ತೆಗೆದಿಡಿ. ಉರಿ ದೊಡ್ಡದಾದರೆ ಹೊರಗೆ ಕಪ್ಪಾಗಿ ಒಳಗೆ ಹಸಿಯೇ ಉಳಿಯುತ್ತದೆ. ಅದೇ ಬಾಣಲೆಗೆ ಎಣ್ಣೆ, ಒರೆಸಿ ಒಣಗಿಸಿದ ಕರಿಬೇವು ಹಾಕಿ, ಎಲೆ ಕೈಯಲ್ಲಿ ಪುಡಿಯಾಗುವಷ್ಟು ಗರಿಗರಿಯಾಗಲಿ. ಎಲೆಯಲ್ಲಿ ಪಸೆ ಉಳಿದರೆ ಇಡೀ ಡಬ್ಬಿ ಮೆತ್ತಗಾಗುತ್ತದೆ. ಒಲೆ ಆರಿಸಿ, ಬಿಸಿ ಎಣ್ಣೆಗೆ ಅರಿಶಿನ, ಮೆಣಸಿನ ಪುಡಿ, ಉಪ್ಪು ಸೇರಿಸಿ, ಬೀಜ ಮತ್ತು ಹುರಿಗಡಲೆ ಹಾಕಿ ಕಲಸಿ. ಹುರಿಗಡಲೆಯನ್ನು ಮತ್ತೆ ಹುರಿಯಬೇಕಿಲ್ಲ.

ಹೆಚ್ಚಿನವರು ಎಡವುವುದು ಇದರ ಮುಂದೆ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಹಬೆ ಕಟ್ಟಿ ನಾಲ್ಕೇ ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ. ಅಗಲ ತಟ್ಟೆಯಲ್ಲಿ ಹರಡಿ ಒಂದು ಗಂಟೆ ಪೂರ್ತಿ ಆರಲು ಬಿಡಿ. ಒಣ ಡಬ್ಬಿಯಲ್ಲಿ ಎರಡು ವಾರ ಚೆನ್ನಾಗಿರುತ್ತದೆ. ಮುಗ್ಗಿದ ಕಡಲೇಬೀಜವನ್ನು ತೊಳೆದು ಮತ್ತೆ ಹುರಿಯಲು ಹೋಗಬೇಡಿ. ಆ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಎಸೆಯುವುದೇ ಸರಿ.

ದಿನಕ್ಕೆ ಒಯ್ಯಬೇಕಾದ್ದು 30 ಗ್ರಾಂ, ಅಂದರೆ ಒಂದು ಹಿಡಿ. ಬರೀ ಕಡಲೇಬೀಜವೇ ಆದರೆ ಅಷ್ಟರಲ್ಲಿ ಸುಮಾರು 170 ಕ್ಯಾಲೊರಿ, 7 ಗ್ರಾಂ ಪ್ರೋಟೀನು ಇರುತ್ತದೆ. ದೊಡ್ಡ ಡಬ್ಬಿಯನ್ನೇ ಆಫೀಸಿಗೆ ಒಯ್ದರೆ ಮಾತಾಡುತ್ತಾ ಮೂರು ಹಿಡಿ ಹೋಗಿರುವುದು ಗೊತ್ತೇ ಆಗುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ಗುಗ್ಗರಿ

ಒಂದು ಲೋಟ ಕಡಲೆಕಾಳನ್ನು ರಾತ್ರಿ ನೆನೆಹಾಕಿ. ಎಂಟರಿಂದ ಹತ್ತು ಗಂಟೆ ನೆನೆದ ಮೇಲೆ ನೀರು ಬದಲಿಸಿ, ಅರ್ಧ ಚಮಚ ಉಪ್ಪಿನೊಂದಿಗೆ ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿ. ಬೆಂದ ಕಾಳು ಬೆರಳ ನಡುವೆ ಒತ್ತಿದರೆ ಸಲೀಸಾಗಿ ಮುರಿಯಬೇಕು. ಇದು ನಾಲ್ಕು ಡಬ್ಬಿಗೆ ಸಾಕು. ನೀರು ಪೂರ್ತಿ ಬಸಿದು ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಇರುತ್ತದೆ. ಬೆಳಿಗ್ಗೆ ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹಾಕಿ ಚೆನ್ನಾಗಿ ಬಿಸಿ ಮಾಡಿ ಡಬ್ಬಿಗೆ ತುಂಬುವುದು ಐದು ನಿಮಿಷದ ಕೆಲಸ. ಸಂಜೆಗೆ ತಿನ್ನುವುದಾದರೆ ಆಫೀಸಿನ ಫ್ರಿಜ್‌ನಲ್ಲಿಡಿ, ಫ್ರಿಜ್ ಇಲ್ಲದಿದ್ದರೆ ಗುಗ್ಗರಿಯನ್ನು ಬೆಳಗಿನ ಹತ್ತರ ಹಸಿವಿಗೆ ಇಟ್ಟುಕೊಂಡು ಸಂಜೆಗೆ ಹುರಿದದ್ದನ್ನು ಉಳಿಸಿ. ಮನೆಯಲ್ಲಿ ತಿನ್ನುವ ಉಸಲಿಗೆ ಕಾಯಿತುರಿ ಬೇಕೇ ಬೇಕು, ಆದರೆ ಡಬ್ಬಿಗೆ ಬೇಡ. ಮೊದಲು ಹಳಸುವುದು ಆ ತುರಿಯೇ. ಡಿಸೆಂಬರ್, ಜನವರಿಯಲ್ಲಿ ಕಡಲೆ ಬಿಟ್ಟು ಸೊಗಡಿನ ಅವರೆಕಾಳು ಹಾಕಿ, ಅದನ್ನು ನೆನೆಸುವ ಕೆಲಸವೂ ಇಲ್ಲ.

ಕೋಸಂಬರಿ ಒಯ್ಯುವವರು ಉಪ್ಪು, ನಿಂಬೆರಸವನ್ನು ಬೇರೆ ಕಟ್ಟಿಕೊಳ್ಳಿ. ಮೊದಲೇ ಬೆರೆಸಿದರೆ ಉಪ್ಪು ಸೌತೆಕಾಯಿಯ ನೀರನ್ನೆಲ್ಲ ಎಳೆದು, ಹೆಸರುಬೇಳೆ ಆ ನೀರಲ್ಲಿ ತೇಲುತ್ತಿರುತ್ತದೆ. ಮೊಳಕೆ ಕಾಳನ್ನು ಹಸಿಯಾಗಿ ಒಯ್ಯದೆ ಐದಾರು ನಿಮಿಷ ಹಬೆಯಲ್ಲಿ ಬೇಯಿಸಿ, ಏಕೆಂದರೆ ಮೊಳಕೆಗೆ ಬೇಕಾದ ಬೆಚ್ಚನೆಯ ತೇವದಲ್ಲೇ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ.

ಎರಡೇ ನಿಮಿಷದ ಹುರಿಹಿಟ್ಟು

ಪೊಟ್ಟಣದ ನೂಡಲ್ಸ್‌ಗಿಂತ ಬೇಗ ಆಗುವ, ಒಲೆಯೇ ಬೇಡದ ತಿಂಡಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ನೆನೆಸಿದ ರಾಗಿಯನ್ನು ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದ್ದು ಹುರಿಹಿಟ್ಟು. ಬೆಂದಿರುವುದರಿಂದ ನೇರವಾಗಿ ತಿನ್ನಬಹುದು. ಮುದ್ದೆ ಮಾಡುವ ಹಸಿ ರಾಗಿಹಿಟ್ಟನ್ನು ಹೀಗೆ ಕಲಸಿ ಕುಡಿದರೆ ಹೊಟ್ಟೆ ಕೆಡಬಹುದು, ಎರಡನ್ನೂ ಅದಲು ಬದಲು ಮಾಡಬೇಡಿ. 30 ಗ್ರಾಂ ರಾಗಿಯಲ್ಲಿ ಸುಮಾರು 100 ಮಿ.ಗ್ರಾಂ ಸುಣ್ಣದ ಅಂಶವಿದೆ.

ಅಗಲ ಬಾಯಿಯ ಬಾಟಲಿಗೆ ಮೂರು ದೊಡ್ಡ ಚಮಚ ಹುರಿಹಿಟ್ಟು, ಚಿಟಿಕೆ ಜೀರಿಗೆ ಪುಡಿ ಹಾಕಿ ಬ್ಯಾಗಿಗಿಡಿ. ಹಸಿವಾದಾಗ ನಂದಿನಿ ಬೂತಿನಲ್ಲಿ ಒಂದು ಮಜ್ಜಿಗೆ ಪೊಟ್ಟಣ ಕೊಳ್ಳಿ. ಮೊದಲು ಕಾಲು ಭಾಗ ಸುರಿದು ಕುಲುಕಿ, ಹಿಟ್ಟು ಗಂಟಿಲ್ಲದೆ ಕಲೆತ ಮೇಲೆ ಉಳಿದದ್ದು ಸುರಿಯಿರಿ. ಒಮ್ಮೆಗೇ ಸುರಿದರೆ ಹೊರಗೆ ಒದ್ದೆಯಾಗಿ ಒಳಗೆ ಒಣಹಿಟ್ಟು ಉಳಿದ ಉಂಡೆಗಳಾಗುತ್ತವೆ. ಮಸಾಲೆ ಮಜ್ಜಿಗೆಯಲ್ಲಿ ಉಪ್ಪಿರುವುದರಿಂದ ಮತ್ತೆ ಹಾಕಬೇಡಿ. ಇಟ್ಟಷ್ಟೂ ಗಟ್ಟಿಯಾಗುತ್ತದೆ, ಕಲಸಿದ ಕೂಡಲೇ ಕುಡಿಯಿರಿ. ಅಂಗಡಿಯಲ್ಲಿ ಕೊಳ್ಳುವಾಗ ರಾಗಿ ಮಾಲ್ಟ್ ಎಂಬ ಹೆಸರಿಗೆ ಮರುಳಾಗದೆ ಸಕ್ಕರೆ ಸೇರಿಸಿದ್ದಾರೆಯೇ ಎಂದು ನೋಡಿ.

ದರ್ಶಿನಿಯಲ್ಲಿ, ಬೇಕರಿಯಲ್ಲಿ

ದರ್ಶಿನಿಯಲ್ಲಿ ಐದೇ ನಿಮಿಷದಲ್ಲಿ ಒಳ್ಳೆಯ ಊಟವಾಗುತ್ತದೆ. ಎರಡು ಇಡ್ಲಿ ತೆಗೆದುಕೊಂಡು ಸಾಂಬಾರಿನಲ್ಲಿ ಅದ್ದಿಸಿ, ಬೇಳೆಯ ಪಾಲು ಬರುವುದು ಅದರಿಂದ. ಜೊತೆಗೆ ಒಂದು ಲೋಟ ಮಜ್ಜಿಗೆ ಇರಲಿ. ವಡೆ ಬೇಕೆನಿಸಿದರೆ ಒಂದು ಸಾಕು. ಅನ್ನದ ಬಾತುಗಳಲ್ಲಿ ಬೇಳೆ ಸಿಗುವ ಬಿಸಿಬೇಳೆಬಾತು ಪಲಾವಿಗಿಂತ ಮೇಲು, ಮೇಲೆ ಹಾಕುವ ಬೂಂದಿ ಬೇಡವೆನ್ನಿ. ಚೌಚೌಬಾತಿನಲ್ಲಿ ಎರಡೂ ಕಡೆ ರವೆ, ಎರಡೂ ಕಡೆ ಜಿಡ್ಡು, ಒಂದು ಕಡೆ ಸಕ್ಕರೆ. ರಜೆಯ ಬೆಳಗಿಗೆ ಅದು ಚೆಂದ, ದಿನಾ ಬೇಡ.

ಬೇಕರಿಯ ಪಫ್ಸ್ ಪದರ ಪದರವಾಗಿ ಏಳುವುದು ಮೈದಾ ಹಾಳೆಗಳ ನಡುವೆ ಹಚ್ಚುವ ಮಾರ್ಗರಿನ್ ಇಲ್ಲವೇ ವನಸ್ಪತಿಯಿಂದ. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಫ್ಯಾಟ್ ಶೇ 2ನ್ನು ಮೀರುವಂತಿಲ್ಲ ಎಂಬ ನಿಯಮವಿದೆ. ಒಳ್ಳೆಯ ನಿಯಮವೇ, ಆದರೆ ಪಫ್ಸ್‌ನ ಜಿಡ್ಡಾಗಲಿ ಮೈದಾವಾಗಲಿ ಅದರಿಂದ ಕಡಿಮೆಯಾಗುವುದಿಲ್ಲ.

ಪೊಟ್ಟಣದ ತಿಂಡಿ ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದೆ ತಿರುಗಿಸಿ. ಪದಾರ್ಥಗಳ ಹೆಸರನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ಕಾನೂನಿದೆ. ಮಲ್ಟಿಗ್ರೇನ್ ಬಿಸ್ಕತ್ತಿನಲ್ಲಿ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ ಆಗಿದ್ದರೆ ಅದು ಮೈದಾ ಬಿಸ್ಕತ್ತೇ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲುಕೋಸ್ ಎಂದಿದ್ದರೂ ಸಕ್ಕರೆ ಎಂದೇ ಓದಿಕೊಳ್ಳಿ, 4 ಗ್ರಾಂ ಎಂದರೆ ಒಂದು ಚಮಚ. ಅಂಕಿಗಳು 100 ಗ್ರಾಮಿಗೋ ಒಂದು ಸರ್ವಿಂಗ್‌ಗೋ ಎಂದು ನೋಡಿ, ನೀವು ತಿನ್ನುವಷ್ಟಕ್ಕೆ ಲೆಕ್ಕ ಹಾಕಿ. ಸೋಡಿಯಂ ದಿನಕ್ಕೆ 2,000 ಮಿ.ಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದೇ ಪೊಟ್ಟಣದಲ್ಲಿ 500 ಇದ್ದರೆ ದಿನದ ಕಾಲು ಪಾಲು ಅಲ್ಲಿಗೇ ಮುಗಿಯಿತು.

ಬ್ಯಾಗು ಖಾಲಿಯಾದ ದಿನ

ಡಬ್ಬಿ ಮರೆತ ದಿನ ಹಾಪ್‌ಕಾಮ್ಸ್ ಮಳಿಗೆಯಲ್ಲಿ ಎರಡು ಏಲಕ್ಕಿ ಬಾಳೆ ಅಥವಾ ಒಂದು ಸೀಬೆಹಣ್ಣು ಕೊಂಡು, ಪಕ್ಕದ ಗಾಡಿಯಲ್ಲಿ ಹುರಿದ ಕಡಲೇಕಾಯಿ ಒಂದು ಪೊಟ್ಟಣ ಕಟ್ಟಿಸಿಕೊಳ್ಳಿ. ಹಣ್ಣನ್ನು ಹೆಚ್ಚಿಟ್ಟದ್ದು ಬೇಡ, ಇಡಿಯದೇ ಬೇಕು. ಚುರುಮುರಿಯೂ ಆಗಬಹುದು. ಎಣ್ಣೆ ಕಡಿಮೆ ಹಾಕಿ, ಕ್ಯಾರೆಟ್, ಕಡಲೇಬೀಜ ಜಾಸ್ತಿ ಹಾಕಿ ಎಂದು ಕಲಸುವ ಮೊದಲೇ ಹೇಳಿ. ಪುರಿ ಹಗುರ, ಹೊಟ್ಟೆ ತಡೆಯುವುದು ಆ ಬೀಜ. ನಮ್ಮ ಮೆಟ್ರೊ ರೈಲಿನೊಳಗೆ ತಿನ್ನುವಂತಿಲ್ಲವಾದ್ದರಿಂದ ನಿಲ್ದಾಣದ ಒಳಗೆ ಹೋಗುವ ಮೊದಲೇ ತಿಂದು ಮುಗಿಸಿ.