ಸೆಲ್‌ಗಳನ್ನ ಎಳೆದು ಬಿಟ್ಟು ಎಳೆದು ಬಿಟ್ಟು ಸಾಲಾಗಿ ನಿಲ್ಲಿಸೋದು ಹೇಗೆ

ತೆಳು ಸಿಲಿಕೋನ್ ಹಾಳೆ ಮೇಲೆ ಸೆಲ್ (ಜೀವಕೋಶ) ಬೆಳೆಸಿ, ಆ ಹಾಳೆನ ಒಂದೇ ದಿಕ್ಕಿಗೆ ಎಳೆದು ಬಿಟ್ಟು ಎಳೆದು ಬಿಟ್ಟು ಮಾಡ್ತಾ ಹೋದ್ರೆ ಕೆಲವೇ ಗಂಟೆಲಿ ಸೆಲ್‌ಗಳು ಎಳೆತಕ್ಕೆ ಅಡ್ಡಡ್ಡ ತಿರುಗಿ ಮಲಗ್ತವೆ. ಮೊದಲ ಸಲ ನೋಡ್ದಾಗ ಇದೇನಪ್ಪಾ ಉಲ್ಟಾ, ಎಳೆದ ಕಡೆಗೇ ತಾನೇ ಉದ್ದ ಆಗ್ಬೇಕು ಅನ್ಸುತ್ತೆ. ಒಂದೇ ಸಲ ಎಳೆದು ಹಾಗೇ ಹಿಡ್ಕೊಂಡ್ರೆ ಎಷ್ಟೋ ಸಲ ಆಗೋದೂ ಹಂಗೇನೇ. ಆದ್ರೆ ಪದೇ ಪದೇ ಎಳೆದಾಗ, ಸೆಲ್ ಒಳಗಿರೋ ಆಕ್ಟಿನ್ ಅನ್ನೋ ಪ್ರೋಟೀನಿನ ಹುರಿಗಳಲ್ಲಿ ಎಳೆತದ ದಿಕ್ಕಿಗಿರೋವು ತಮ್ಮ ಬಿಗಿ ಕಾಪಾಡ್ಕೊಳಕ್ಕಾಗ್ದೆ ಬಿಚ್ಕೊಂಡು ಹೋಗ್ತವೆ, ಎಲ್ಲಿ ಉದ್ದ ಜಾಸ್ತಿ ಬದಲಾಗಲ್ವೋ ಆ ದಿಕ್ಕಿನವು ಉಳ್ಕೊತವೆ, ಸೆಲ್ಲೂ ಅವುಗಳ ಜೊತೆ ತಿರುಗುತ್ತೆ.

ಹಾಳೆಗೆ ಪಿಡಿಎಂಎಸ್ ಅನ್ನೋ ಸಿಲಿಕೋನ್ ರಬ್ಬರ್ ತಗೊಳ್ಳಿ, 10 ಭಾಗ ಬೇಸ್‌ಗೆ 1 ಭಾಗ ಕ್ಯೂರಿಂಗ್ ಏಜೆಂಟ್ (ಅದನ್ನ ಗಟ್ಟಿ ಮಾಡೋದು), ಚೆನ್ನಾಗಿ ಕಲಸಿ ವ್ಯಾಕ್ಯೂಮ್‌ನಲ್ಲಿಟ್ಟು ಗುಳ್ಳೆ ಪೂರ್ತಿ ತೆಗೀರಿ, ಒಂದು ಗುಳ್ಳೆ ಉಳಿದ್ರೂ ನಡುರಾತ್ರಿ ಹಾಳೆ ಹರಿಯೋದು ಅಲ್ಲಿಂದಾನೇ. ಬರೀ ಪಿಡಿಎಂಎಸ್ ಮೇಲೆ ಸೆಲ್ ಸರಿಯಾಗಿ ಕೂರಲ್ಲ, ನೀರೇ ಅದರ ಮೇಲೆ ನಿಲ್ಲಲ್ಲ, ಅದಕ್ಕೆ ಪ್ಲಾಸ್ಮಾ (ರಕ್ತದ್ದಲ್ಲ, ವಿದ್ಯುತ್ತಿಂದ ಅಯಾನೀಕರಿಸಿದ ಅನಿಲ) ಕೊಟ್ಟು ತಕ್ಷಣ ಫೈಬ್ರೋನೆಕ್ಟಿನ್ ಅನ್ನೋ, ಸೆಲ್ ಅಂಟ್ಕೊಳೋ ಪ್ರೋಟೀನ್ ಬಳೀಬೇಕು. ಶುರುಗೆ ಫೈಬ್ರೋಬ್ಲಾಸ್ಟೇ (ಚರ್ಮದಂಥ ಅಂಗಾಂಶದಲ್ಲಿ ಕೊಲಾಜೆನ್ ಮಾಡೋ ಸೆಲ್) ವಾಸಿ. ತೆಳುವಾಗಿ ಹಾಕಿ, ಒತ್ತೊತ್ತಾಗಿದ್ರೆ ಪಕ್ಕದ ಸೆಲ್ ನೋಡ್ಕೊಂಡು ತಿರುಗ್ತಾ ಇದೆಯೋ ಎಳೆತಕ್ಕೋ ಹೇಳಕ್ಕಾಗಲ್ಲ. ಎಳೆಯೋ ಮುಂಚೆ ಒಂದು ದಿನ ಸುಮ್ನೆ ಬಿಡಿ, ಗಟ್ಟಿಯಾಗಿ ಅಂಟ್ಕೊಳ್ಲಿ.

ಈಗ ಎಲ್ರೂ ಹಾರಿಸೋ ಕೆಲಸ. ಸೆಲ್ ಹಾಕದೇ ಇರೋ ಇನ್ನೊಂದು ಹಾಳೆ ಮೇಲೆ ಮಾರ್ಕರ್‌ನಲ್ಲಿ ಚೌಕಾಕಾರಕ್ಕೆ ನಾಲ್ಕು ಚುಕ್ಕಿ ಇಡಿ, ಹಾಳೆ ಎಳೆಯೋ ಮಿಷಿನ್‌ಗೆ ಹಾಕಿ, ಎಳೆಯೋ ಮುಂಚೆ ಒಂದು ಫೋಟೋ, ಪೂರ್ತಿ ಎಳೆದಾಗ ಒಂದು ಫೋಟೋ. ನಂದು ಮೊದಲ ತಿಂಗಳು ಪೂರ್ತಿ ಹಾಳಾಗಿದ್ದು ಇದನ್ನ ಮಾಡದೇನೇ, ಸ್ಕ್ರೀನ್ 10% ಅಂತಿತ್ತು, ಆಮೇಲೆ ಚುಕ್ಕಿ ಅಳೆದ್ರೆ 6% ಕೂಡ ಇಲ್ಲ, ಹಾಳೆ ಕ್ಲ್ಯಾಂಪ್‌ನಲ್ಲಿ ಜಾರ್ತಾ ಇತ್ತು. ಮೋಟಾರ್ ಎಷ್ಟು ಓಡ್ತು ಅನ್ನೋದು ಸೆಲ್‌ಗೆ ಬೇಕಿಲ್ಲ, ಕಾಲಡಿ ಹಾಳೆ ಎಷ್ಟು ಹಿಗ್ತು ಅನ್ನೋದಷ್ಟೇ ಬೇಕು.

ಅದೇ ಫೋಟೋದಲ್ಲಿ ಅಗಲನೂ ಅಳೀರಿ. ರಬ್ಬರ್ ಉದ್ದ ಎಳೆದ್ರೆ ಅಗಲ ಕುಗ್ಗುತ್ತಲ್ಲ, ಉದ್ದ 10% ಹಿಗ್ಗಿ ಅಗಲ 4% ಕುಗ್ಗಿದ್ರೆ, ಉದ್ದ ಬದಲಾಗದೇ ಇರೋ ದಿಕ್ಕು ಎಳೆತದಿಂದ ಸುಮಾರು 58 ಡಿಗ್ರಿಗೆ ಬರುತ್ತೆ, 90ಕ್ಕಲ್ಲ. ಹಾಗಾಗಿ ಸೆಲ್ 60-70 ಡಿಗ್ರಿಲಿ ನಿಂತ್ರೆ ಪ್ರಯೋಗ ಕೆಟ್ತು ಅನ್ಕೋಬೇಡಿ. ಕ್ಲ್ಯಾಂಪ್ ಹತ್ರ ಎಳೆತ ಬೇರೆ ಥರ ಇರುತ್ತೆ, ನಡುಭಾಗದ ಸೆಲ್ ಮಾತ್ರ ಎಣಿಸಿ.

ಸೆಟ್ಟಿಂಗ್ 10%, 1 ಹರ್ಟ್ಜ್, ಅಂದ್ರೆ ಸೆಕೆಂಡಿಗೆ ಒಂದು ಸಲ, ಇನ್‌ಕ್ಯುಬೇಟರ್ 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್. 0.01 ಹರ್ಟ್ಜ್‌ನಷ್ಟು ನಿಧಾನ ಮಾಡಿದ್ರೆ ಹುರಿಗಳಿಗೆ ಹೊಂದ್ಕೊಳಕ್ಕೆ ಟೈಮ್ ಸಿಕ್ಬಿಡುತ್ತೆ, ತಿರುಗೋದೇ ಇಲ್ಲ ಅನ್ನಬಹುದು. ರಾತ್ರಿಯಿಡೀ ಓಡಿಸೋದಾದ್ರೆ ಮೀಡಿಯಂ (ಸೆಲ್‌ಗೆ ಆಹಾರ ಕೊಡೋ ದ್ರವ) ಒಣಗದ ಹಾಗೆ ಮುಚ್ಚಿ. ಹೋಲಿಕೆಗೆ ಅಂತ ಎಳೆಯದೇ ಬಿಟ್ಟ ಕಂಟ್ರೋಲ್ ಹಾಳೆನೂ ಅದೇ ಇನ್‌ಕ್ಯುಬೇಟರ್‌ನಲ್ಲಿ ಇಡಿ, ಆಗೋದಾದ್ರೆ ಹಿಗ್ಗದೆ ಮೀಡಿಯಂ ಮಾತ್ರ ಅಲ್ಲಾಡೋ ಥರ ಇನ್ನೊಂದು, ಯಾಕಂದ್ರೆ ದ್ರವ ಹರಿದ್ರೂ ಸೆಲ್ ತಿರುಗುತ್ತೆ.

ಫಿಕ್ಸ್ ಮಾಡಿ (ಸೆಲ್‌ಗಳನ್ನ ರಾಸಾಯನಿಕ ಹಾಕಿ ಇದ್ದ ಹಾಗೇ ನಿಲ್ಲಿಸಿ) ಹಾಳೆ ಕತ್ತರಿಸೋ ಮುಂಚೆ ಎಳೆತದ ದಿಕ್ಕಿಗೆ ಬಾಣದ ಗುರುತು ಹಾಕಿ, ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ಯಾವ ಕಡೆ ಎಳೆದಿದ್ವಿ ಅಂತ ದೇವರಿಗೂ ಗೊತ್ತಾಗಲ್ಲ. ಆಕ್ಟಿನ್‌ಗೆ ಅಂಟ್ಕೊಳೋ, ಹೊಳೆಯೋ ಬಣ್ಣ ಕಟ್ಟಿದ ಫ್ಯಾಲಾಯ್ಡಿನ್ ಹಾಕಿದ್ರೆ ಆಕ್ಟಿನ್ ಹುರಿ ಕಾಣುತ್ತೆ, ಇಮೇಜ್‌ಜೆ ಅನ್ನೋ ಚಿತ್ರ ಅಳೆಯೋ ಸಾಫ್ಟ್‌ವೇರ್‌ನಲ್ಲಿ ಪ್ರತಿ ಸೆಲ್‌ಗೆ ಎಲಿಪ್ಸ್ ಕೂರಿಸಿ ಕೋನ ತಗೊಳ್ಳಿ. ಆದ್ರೆ ಕೋನಗಳ ಸರಾಸರಿ ಮಾತ್ರ ಸುಮ್ನೆ ಹೊಡೀಬೇಡಿ. ಒಂದು ಸೆಲ್ 1 ಡಿಗ್ರಿ, ಇನ್ನೊಂದು 179, ಎರಡೂ ಎಳೆತದ ದಿಕ್ಕಲ್ಲೇ ಮಲಗಿವೆ, ಸರಾಸರಿ ನೋಡಿದ್ರೆ 90, ಪಕ್ಕಾ ಅಡ್ಡ ಅಂತ ಎಕ್ಸೆಲ್ ಹೇಳುತ್ತೆ. ಕೋನನ ಎರಡರಿಂದ ಗುಣಿಸಿ ಕೊಸೈನ್ ತಗೊಂಡು ಅದರ ಸರಾಸರಿ ನೋಡಿ. ಎಲ್ಲಾ ಉದ್ದಕ್ಕಿದ್ರೆ +1, ಎಲ್ಲಾ ಅಡ್ಡಕ್ಕಿದ್ರೆ -1, ಚೆಲ್ಲಾಪಿಲ್ಲಿ ಇದ್ರೆ 0 ಹತ್ರ.

ಇದೆಲ್ಲ ಚಪ್ಪಟೆ ಹಾಳೆ ಕಥೆ. ಕೊಲಾಜೆನ್ ಜೆಲ್ ಒಳಗೆ ಸೆಲ್ ಹಾಕಿ ಎಳೆದ್ರೆ ಎಷ್ಟೋ ಸಲ ಅವು ಎಳೆತದ ದಿಕ್ಕಿಗೇ ಸಾಲಾಗ್ತವೆ, ಅಲ್ಲಿ ಸುತ್ತಲಿನ ಕೊಲಾಜೆನ್ ಎಳೆಗಳೂ ದಾರಿ ತೋರಿಸ್ತಾ ಇರ್ತವೆ, ಎರಡನ್ನೂ ಒಂದೇ ಗ್ರಾಫಿಗೆ ಹಾಕಬೇಡಿ.